ಏಳು ಸೆಕೆಂಡಿನ ಬಾಸಿಂಗ

ಪುಷ್ಯ ಮಾಸದ ಕೊನೆ, ಹಸಿ ಕಡಲೆ ಗಿಡದ ಸಿವುಡು ಸಂತೆಗೆ ಬರುವ ಕಾಲ. ಬೆಳಗಿನ ಎಂಟು ಗಂಟೆ ಇರಬೇಕು, ಬಿಸಿಲು ಇನ್ನೂ ಓಣಿಯ ಒಂದೇ ಬದಿಗಿತ್ತು. ಬೆಟಗೇರಿಯ ಚಿತ್ರಗಾರ ಓಣಿಯಲ್ಲಿ ಹುಲಿಗೆವ್ವ ಸ್ಟೂಲಿನ ಮೇಲೆ ನಿಂತು ದೇವರ ಕೋಣೆಯ ತೊಲೆಗೆ ಕಟ್ಟಿದ್ದ ಗಂಟನ್ನು ಬಿಚ್ಚುತ್ತಿದ್ದಳು. ಎಪ್ಪತ್ತೊಂದು ವರ್ಷದ ಹೆಂಗಸು. ಹೊರಗಿನ ಕೋಣೆಯ ಮಂಚದ ಮೇಲಿಂದ ಅವಳ ಅಪ್ಪ ಭರಮಪ್ಪ, ತೊಂಬತ್ತೊಂಬತ್ತರವನು, ಉಳಿದ ಒಂದು ಕಣ್ಣಿನಿಂದ ನೋಡುತ್ತಿದ್ದ.

"ಬಿದ್ದೀ ಹುಲಿಗೀ," ಅಂದ.

"ಬಿದ್ರ ಹಿಡಿಯಾಕ ನೀ ಅದೀಯಲ್ಲಪಾ," ಅಂದಳು ಅವಳು.

ಗಂಟಿನಲ್ಲಿ ಎರಡು ಬಾಸಿಂಗಗಳಿದ್ದವು. ಮದುವೆಯ ದಿನ ಹೆಣ್ಣಿನ ಹಣೆಗೊಂದು, ಗಂಡಿನ ಹಣೆಗೊಂದು ಕಟ್ಟಿದ್ದು. ಬೆಂಡು, ಬಣ್ಣದ ಕಾಗದ, ಬೇಗಡೆ. ಐವತ್ತು ವರ್ಷ ದಾಟಿದರೂ ಬೇಗಡೆ ಅಲ್ಲಲ್ಲಿ ಮಿಂಚುತ್ತಿತ್ತು. ತನ್ನದನ್ನು ತೆಗೆದುಕೊಂಡು, ಗಂಡನದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ತೊಲೆಗೇ ಕಟ್ಟಿದಳು.

ಆ ಓಣಿಯವರ ಪದ್ಧತಿ ಹೀಗೆ. ಗಂಡ ಸತ್ತರೆ ಅವನ ಬಾಸಿಂಗ ಅವನ ಜೊತೆ ಚಿತೆಗೆ ಹೋಗಬೇಕು, ಹೆಂಡತಿ ಸತ್ತರೆ ಅವಳದು ಅವಳ ಜೊತೆ. ಬರಿ ಹಣೆಯಲ್ಲಿ ಹೋದವರನ್ನು ಆ ಕಡೆ ಯಾರೂ ಗುರುತು ಹಿಡಿಯುವುದಿಲ್ಲ ಅನ್ನುತ್ತಾರೆ. ಬದುಕಿರುವ ತನಕ ಅದು ಅವರವರದು. ಕೊಟ್ಟರೆ ಅವರೇ ಕೊಡಬೇಕು, ಇನ್ನೊಬ್ಬರು ಕೊಡುವಂತಿಲ್ಲ, ಕೊಟ್ಟರೆ ಆ ಮನುಷ್ಯ ಸತ್ತ ಅಂತಲೇ ಲೆಕ್ಕ. ಹುಲಿಗೆವ್ವನ ಗಂಡ ದ್ಯಾಮಣ್ಣ ಮೂವತ್ತೊಂದು ವರ್ಷದ ಹಿಂದೆ ಗೋವೆಗೆ, ಹಡಗಿಗೆ ಬಣ್ಣ ಬಳಿಯುವ ಕೆಲಸಕ್ಕೆ ಅಂತ ಹೋದವನು. ಎರಡು ಪತ್ರ ಬಂದವು, ಆಮೇಲೆ ಇಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಹಾಗಾಗಿ ಅವನ ಬಾಸಿಂಗ ತೊಲೆಯ ಮೇಲೆ ಉಳಿದಿತ್ತು, ಇವಳ ಹಣೆಯ ಮೇಲೆ ಕುಂಕುಮ ಉಳಿದಿತ್ತು.

ಈ ಬಾಸಿಂಗಗಳೊಳಗೆ ಏನಿದೆ ಅನ್ನುವುದು ಊರಿಗೆ ತಿಳಿದು ಎರಡೇ ವರ್ಷ. ಅವನ್ನು ಮಾಡಿದವನು ಭರಮಪ್ಪನ ಅಪ್ಪ ಪರಸಪ್ಪ. ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲಿ ಪರಸಪ್ಪ ನಾಲ್ಕೈದು ವರ್ಷ ಒಂದು ಸಣ್ಣ ಕಂಪನಿಯ ನಗೆಪಟಗಳಲ್ಲಿ ಪಾತ್ರ ಮಾಡಿದ್ದ. ಹತ್ತು ಹತ್ತು ನಿಮಿಷದ ಪಟಗಳು. ಮಾವನ ಮನೆಗೆ ಬಂದ ದಡ್ಡ ಅಳಿಯನ ಪಾತ್ರ ಇವನದು. ಏಣಿ ಹತ್ತಿ ಬೀಳುವನು, ಎಮ್ಮೆ ಹಿಂಡಲು ಕೂತು ಒದೆಸಿಕೊಳ್ಳುವನು. ಡೇರೆಯಲ್ಲಿ ಕೂತ ಜನ ಹೊಟ್ಟೆ ಹಿಡಿದು ನಗುತ್ತಿದ್ದರಂತೆ. ಮಾತಿನ ಸಿನಿಮಾ ಬಂತು, ಕಂಪನಿ ಬಾಗಿಲು ಹಾಕಿತು, ಯಾರಿಗೂ ಬೇಡವಾದ ಫಿಲ್ಮಿನ ಡಬ್ಬಿಗಳನ್ನು ಪರಸಪ್ಪ ಹೊತ್ತು ತಂದ. ಪಟದ ಮೇಲಿನ ಚಿತ್ರ ಅಂದರೆ ಬೆಳ್ಳಿಯ ಪುಡಿ. ಬಿಸಿನೀರಿಗೆ ಸೋಡಾ ಹಾಕಿ ತಾನೇ ತೊಳೆದು ಬೆಳ್ಳಿ ತೆಗೆದ. ಉಳಿದದ್ದು ಗಾಜಿನಂತೆ ತಿಳಿಯಾದ ಪಟ್ಟಿ. ಬಾಸಿಂಗದ ಬೆನ್ನಿಗೆ ಬಿದಿರ ಸೀಳಿಗಿಂತ ಇದು ಚಲೋ, ಬಾಗುತ್ತದೆ, ಮುರಿಯುವುದಿಲ್ಲ. ಸುರುಳಿಯ ತುದಿಯಿಂದ ಕತ್ತರಿಸುತ್ತಾ ಹೋದ. ಮೊದಲ ಒಂಬತ್ತು ಗೇಣು ಹೆಣ್ಣಿನ ಬಾಸಿಂಗಕ್ಕೆ, ಮುಂದಿನ ಒಂಬತ್ತು ಗೇಣು ಗಂಡಿನದಕ್ಕೆ, ಅದರ ಮುಂದಿನದು ಇನ್ನೊಂದು ಮದುವೆಯ ಹೆಣ್ಣಿಗೆ. ಜೋಡಿ ಬಾಸಿಂಗ ಒಂದೇ ಓಟದ ಪಟ್ಟಿಯಿಂದ ಆಗಬೇಕು, ಬಾಗು ಒಂದೇ ಥರ ಬರುತ್ತದೆ ಅನ್ನುವುದು ಅವನ ಕಸುಬಿನ ನೇಮ. ನಲವತ್ತು ವರ್ಷ ತನ್ನ ನಗೆಯನ್ನು ಹೀಗೆ ಕತ್ತರಿಸಿ ಕತ್ತರಿಸಿ ಸುತ್ತಲಿನ ಊರುಗಳ ಹಣೆಗೆ ಕಟ್ಟಿದ. ಮನೆಯಲ್ಲಿ ಅವನು ನಕ್ಕಿದ್ದನ್ನು ಹುಲಿಗೆವ್ವ ಕಂಡವಳಲ್ಲ.

ತೊಳೆದ ಪಟ್ಟಿಯನ್ನು ಓದಬಹುದು ಅಂತ ತೋರಿಸಿದವಳು ಶಮಶಾದ್ ನದಾಫ, ಗದಗದವಳೇ, ರಸಾಯನಶಾಸ್ತ್ರ ಕಲಿತವಳು. ಬೆಳ್ಳಿ ವರ್ಷಗಟ್ಟಲೆ ಕೂತ ಜಾಗದಲ್ಲಿ ಪಟ್ಟಿಗೆ ಕಣ್ಣಿಗೆ ಕಾಣದ ತಗ್ಗು ಬಿದ್ದಿರುತ್ತದೆ, ಕಪ್ಪಿದ್ದಲ್ಲಿ ಆಳ, ಬಿಳುಪಿದ್ದಲ್ಲಿ ಮೇಲೆ. ಅವಳ ಯಂತ್ರ ಪಟ್ಟಿಯನ್ನು ಆವಿಯಲ್ಲಿ ಪೊರೆ ಪೊರೆಯಾಗಿ ಕರಗಿಸುತ್ತಾ ಆ ತಗ್ಗುಗಳನ್ನು ಲೆಕ್ಕ ಹಿಡಿದು ಚಿತ್ರವನ್ನು ಮತ್ತೆ ಕೂಡಿಸುತ್ತಿತ್ತು. ಒಂದು ಬಾಸಿಂಗಕ್ಕೆ ಏಳು ಸೆಕೆಂಡಿನ ಪಟ. ಓದಿ ಮುಗಿದ ಮೇಲೆ ಪಟ್ಟಿ ಇರುವುದಿಲ್ಲ, ಬಾಸಿಂಗವೂ ಇರುವುದಿಲ್ಲ. ಹಳೆಯ ಹತ್ತಿ ಗೋದಾಮಿನಲ್ಲಿ ಯಂತ್ರ ಕೂತಿತು. ಜನ ಅದಕ್ಕೆ ಪೊರೆಮನೆ ಅಂತ ಹೆಸರಿಟ್ಟರು.

ಮೊದಮೊದಲು ಊರಿಗೆ ಊರೇ ಕುಣಿಯಿತು. ಮುದುಕಿಯರು ತಮ್ಮ ತಮ್ಮ ಬಾಸಿಂಗ ತಂದು ಕೊಟ್ಟರು. ಇನ್ನೂರಕ್ಕೂ ಹೆಚ್ಚು ಬಂದವು. ಆದರೆ ಎಲ್ಲ ಹೆಣ್ಣಿನವೇ. ಆ ಕಾಲದ ಗಂಡಸರು ಬಹುತೇಕ ಸತ್ತಿದ್ದರು, ಅವರ ಬಾಸಿಂಗ ಅವರ ಜೊತೆ ಸುಟ್ಟಿದ್ದವು. ಭರಮಪ್ಪನಂಥ ಬದುಕಿದ್ದ ಆರು ಮಂದಿಯದು ಮಾತ್ರ ಸಿಕ್ಕಿತು. ಭರಮಪ್ಪ ತನ್ನದನ್ನು ತಾನೇ ಹೋಗಿ ಕೊಟ್ಟು ಬಂದಿದ್ದ. ಹೀಗಾಗಿ ಪಟಗಳು ಅರ್ಧರ್ಧವಾಗಿಯೇ ಎದ್ದು ಬಂದವು. ಅಳಿಯ ಏಣಿ ಹತ್ತುತ್ತಾನೆ, ಮೇಲಿನ ಮೆಟ್ಟಿಲು ಅಲುಗುತ್ತದೆ, ಮುಗಿಯಿತು. ಇನ್ನೊಂದರಲ್ಲಿ ಸಗಣಿಯೊಳಗೆ ಬಿದ್ದಿರುತ್ತಾನೆ, ಯಾಕೆ ಬಿದ್ದ ಗೊತ್ತಾಗುವುದಿಲ್ಲ. ಜನ ನಗಲು ಬಾಯಿ ತೆರೆದು ಹಾಗೇ ಕೂತಿರುವರು. ಚಹಾದಂಗಡಿಯಲ್ಲಿ ಅವನು ಹೇಗೆ ಬಿದ್ದ ಅಂತ ತಾವೇ ಕಟ್ಟಿ ಹೇಳುತ್ತಾ ಜಗಳಕ್ಕೆ ನಿಂತರು. ಎರಡನೆಯ ವರ್ಷಕ್ಕೆ ಅದೂ ನಿಂತಿತು. ಹರೆಯದವರು ನೋಡುವುದನ್ನು ಬಿಟ್ಟರು. ಬಾಸಿಂಗ ಕೊಟ್ಟ ಮುದುಕಿಯರು ಮಾತ್ರ ತಾವು ಬರಿ ಹಣೆಯಲ್ಲಿ ಹೋಗಬೇಕಲ್ಲ ಅಂತ ಒಳಗೊಳಗೇ ನೊಂದರು.

ಹುಲಿಗೆವ್ವ ತನ್ನದನ್ನು ಕೊಡಲು ಹೊರಟದ್ದು ನಗೆ ನೋಡಲಿಕ್ಕಲ್ಲ. ಭರಮಪ್ಪನ ತಾಯಿ ಚಂದ್ರವ್ವ ಅವನನ್ನು ಹೆತ್ತ ಹನ್ನೊಂದನೆಯ ದಿನ ತೀರಿಕೊಂಡಳು. ಅವಳದು ಒಂದು ಫೋಟೋ ಇಲ್ಲ. ಒಂದೇ ಒಂದು ಪಟದಲ್ಲಿ, ಬರಬೇಕಾದ ನಟಿ ಬಾರದೆ ಹೋದಾಗ, ಪರಸಪ್ಪ ಹೆಂಡತಿಯನ್ನೇ ಅಡಿಗೆಮನೆಯಿಂದ ಎಳೆದುಕೊಂಡು ಹೋಗಿ ನಿಲ್ಲಿಸಿದ್ದನಂತೆ. ಭರಮಪ್ಪ ಎಪ್ಪತ್ತು ವರ್ಷ ದೇವಿಯರ ಮುಖ ಬರೆದವನು. ಪ್ರತಿ ಸಲ ಕಣ್ಣು ಬಿಡಿಸುವ ಮುಂಚೆ ಕುಂಚ ಹಿಡಿದು ಸುಮ್ಮನೆ ಕೂಡುತ್ತಿದ್ದ. ಹುಲಿಗೆವ್ವನ ಮದುವೆಯ ದಿನ ಪರಸಪ್ಪಜ್ಜ ಬಾಸಿಂಗ ಕಟ್ಟುತ್ತಾ, "ನಿನ್ನ ಹಣಿಗೆ ನಿಮ್ಮಜ್ಜಿನ್ನ ಕಟ್ಟೀನಿ," ಅಂದಿದ್ದ. ಹರಸಿದ ಅಂತ ಎಲ್ಲರೂ ತಿಳಿದರು. ಈಗ ಆ ಮಾತಿಗೆ ಬೇರೆ ಅರ್ಥ ಬಂದಿತ್ತು. ಅಪ್ಪನ ಎದೆ ಸೋತಿದೆ, ಹೆಚ್ಚು ದಿನ ಇಲ್ಲ ಅಂತ ಡಾಕ್ಟರರು ಹೇಳಿ ಕಳಿಸಿದ್ದರು.

ಪೊರೆಮನೆಯಲ್ಲಿ ಶಮಶಾದ್ ಬಾಸಿಂಗದ ಅಂಟು ಬಿಡಿಸಿ, ಒಂಬತ್ತು ತುಂಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಳು. ಆವಿ ಬಿಟ್ಟ ಕೂಡಲೇ ಕರ್ಪೂರದ ವಾಸನೆ ಎದ್ದಿತು. ಆ ಕಾಲದ ಪಟ್ಟಿಯಲ್ಲಿ ಕರ್ಪೂರ ಬೆರೆಸುತ್ತಿದ್ದರು.

"ಮಂಗಳಾರತಿ ಆದಂಗ ಆತು," ಅಂದಳು ಹುಲಿಗೆವ್ವ.

"ದಿನಾ ಇದ ವಾಸನಿರೀ ಯವ್ವಾ, ಮನಿಗೆ ಹೋದ್ರೂ ಹೋಗಂಗಿಲ್ಲ. ನಮ್ಮವರು ಯಾವ ಗುಡಿಗೆ ಹೋಗಿದ್ದಿ ಅಂತ ಕಾಡಸ್ತಾರ," ಅಂದಳು ಶಮಶಾದ್.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಎದ್ದು ಬಂತು. ಬೂದಿಯಲ್ಲಿ ಬರೆದಂತೆ ಇತ್ತು. ಒಬ್ಬ ಹೆಂಗಸು ಬೆನ್ನು ಮಾಡಿ ಬೀಸುವ ಕಲ್ಲಿನ ಮುಂದೆ ಕೂತಿದ್ದಾಳೆ. ತುರುಬು, ತುರುಬಿಗೆ ಒಂದು ಹೂವು. ಬಾಗಿಲಲ್ಲಿ ಅಳಿಯ ಹೆಗಲ ಮೇಲೆ ಹಿಟ್ಟಿನ ಚೀಲ ಹೊತ್ತು ಬರುತ್ತಾನೆ, ಹೊಸ್ತಿಲು ನೋಡಿಕೊಳ್ಳುವುದಿಲ್ಲ. ಹೆಂಗಸು ಸಪ್ಪಳ ಕೇಳಿ ತಿರುಗಲು ಹೆಗಲು ಎತ್ತುತ್ತಾಳೆ. ಅಲ್ಲಿಗೆ ಪಟ್ಟಿ ಮುಗಿಯಿತು.

"ತಿರುಗೋದು ನಿಮ್ಮ ಯಜಮಾನರದರಾಗ ಐತ್ರೀ," ಅಂದಳು ಶಮಶಾದ್. ಅಂದವಳು ನೆಲ ನೋಡಿದಳು.

ಭರಮಪ್ಪ ಆ ಏಳು ಸೆಕೆಂಡನ್ನು ಫೋನಿನಲ್ಲಿ ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ತುರುಬಿನ ಮೇಲೆ ಬೆರಳು ಇಡುವನು, ಪಟ ನಿಂತುಬಿಡುವುದು, ಮತ್ತೆ ಹಚ್ಚು ಅನ್ನುವನು. ಮೂರನೆಯ ದಿನ, "ಹೂವು ಮಲ್ಲಿಗಿ ಅಲ್ಲ, ಅಬ್ಬಲಿಗಿ," ಅಂದ. ತೊಲೆಯ ಮೇಲಿನ ಗಂಟು ಅವನ ಮಂಚಕ್ಕೆ ಕಾಣುತ್ತಿತ್ತು. ಅದನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹುಲಿಗೆವ್ವ ಆಗುವುದಿಲ್ಲ ಅಂದು ಹಗುರಾಗುತ್ತಿದ್ದಳು. ಊಟಕ್ಕೆ ಎಬ್ಬಿಸಿದರೆ ಎರಡು ತುತ್ತು ತಿಂದು ಸಾಕು ಅನ್ನುವನು. ಒಂದು ದಿನ ಅವಳು ತಲೆ ಬಾಚಿಕೊಳ್ಳುತ್ತಾ ಬೆನ್ನು ಮಾಡಿ ಕೂತಿದ್ದಾಗ, "ಯವ್ವಾ," ಅಂತ ಕರೆದ. ತನ್ನನ್ನೇ ಅಂತ ಅವಳು ತಿರುಗಿದಳು. ಅವಳ ಮುಖ ನೋಡಿ ಅವನು ಗೋಡೆಯ ಕಡೆ ಹೊರಳಿದ.

ಅವತ್ತೇ ಅವಳು ಗಂಡನ ಬಾಸಿಂಗ ಕೊಡುವುದು ಅಂತ ಮಾಡಿದಳು.

ಕನಕವ್ವನಿಗೆ ಹೇಳದೆ ಮಾಡುವಂತಿರಲಿಲ್ಲ. ಕನಕವ್ವ ದ್ಯಾಮಣ್ಣನ ತಂಗಿ, ಅರವತ್ತೆಂಟರ ವಿಧವೆ, ಎರಡು ಓಣಿ ದಾಟಿ ಮನೆ. ಆದರೆ ಇವಳು ಹೋಗುವ ಮೊದಲು ಅವಳೇ ಬಂದು ಕಟ್ಟೆಯ ಮೇಲೆ ಕೂತಳು.

"ಏನ್ ವೈನಿ, ನಮ್ಮಣ್ಣನ್ನ ಕರಗಸ್ತೀಯಂತ?"

"ಯಾರ್ ಹೇಳಿದ್ರು?"

"ಈ ಊರಾಗ ಹೇಳಾಕ ಮಂದಿ ಬೇಕೇನು? ಗ್ವಾಡಿನ ಹೇಳ್ತಾವ."

"ಅಪ್ಪ ಉಣವಲ್ಲ ಕನಕೀ."

"ನಿಮ್ಮಪ್ಪ ಅವ್ವನ ಮಾರಿ ನೋಡದನ ನೂರರ ಹತ್ರ ಬಂದಾನ. ಇನ್ನೆರಡು ದಿನ ನೋಡದಿದ್ರ ಏನಾಗ್ತೈತಿ? ನಮ್ಮಣ್ಣ ಬಾಸಿಂಗಿಲ್ಲದ ಹೋಗ್ಬೇಕೇನು?"

"ಹೋಗ್ಯಾನಂತ ನೀನ ಅನ್ನಾಕತ್ತೀಯಲ್ಲ."

ಮೂವತ್ತೊಂದು ವರ್ಷ ಇಬ್ಬರೂ ಆಡದ ಮಾತು ಕಟ್ಟೆಯ ಮೇಲೆ ಬಿದ್ದಿತ್ತು. ಕನಕವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಯಾವಾಗ ಕೊಡ್ತಿ?" ಅಂದಳು.

"ಸ್ವಾಮಾರ."

"ಎಷ್ಟು ಗಂಟೇಕ?"

"ಹತ್ತಕ್ಕ ಬಾ ಅಂದಾಳ ಶಮಶಾದ್."

"ಹತ್ತಕ್ಕ," ಅಂದು ಎದ್ದು ಹೋದಳು ಕನಕವ್ವ. ಬೈಯದೆ ಹೋದಳಲ್ಲ ಅಂತ ಹುಲಿಗೆವ್ವನಿಗೆ ನಿರಾಳವೂ ಆಯಿತು, ಕಸಿವಿಸಿಯೂ ಆಯಿತು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಕನ್ನಡಿಯ ಮುಂದೆ ಕುಂಕುಮದ ಭರಣಿ ಹಿಡಿದು ನಿಂತಳು. ಹಚ್ಚಿಕೊಳ್ಳಬೇಕೋ ಬಿಡಬೇಕೋ ತಿಳಿಯಲಿಲ್ಲ. ಕೈ ಯಾವತ್ತಿನಂತೆ ತಾನೇ ಹಚ್ಚಿತು. ಗಂಟು ಇಳಿಸಿದಳು. ದ್ಯಾಮಣ್ಣನ ಬಾಸಿಂಗ ಅವಳದಕ್ಕಿಂತ ಹಗುರ ಅನ್ನಿಸಿತು. ಮದುವೆಯಲ್ಲಿ ಅದನ್ನು ಕಟ್ಟಿದಾಗ, ತುರಿಸುತ್ತದೆ ಅಂತ ಅವನು ಹಣೆ ಗಂಟಿಕ್ಕಿಕೊಂಡೇ ಕೂತಿದ್ದ. ಅವನ ಬಗ್ಗೆ ಅಂಥ ಸಣ್ಣವೇ ನೆನಪಿಗೆ ಬಂದವು, ದೊಡ್ಡದೊಂದೂ ಬರಲಿಲ್ಲ.

ಪೊರೆಮನೆಯಲ್ಲಿ ಶಮಶಾದ್ ಎರಡು ಸಲ ಕೇಳಿದಳು. "ಯವ್ವಾ, ಇನ್ನೂ ಹೊತ್ತು ಮೀರಿಲ್ಲ. ಬ್ಯಾಡಾಗಿದ್ರ ಒಯ್ರಿ. ನಾ ಏನೂ ಅನ್ನಂಗಿಲ್ಲ."

"ಹಚ್ಚು ತಂಗೀ," ಅಂದಳು ಹುಲಿಗೆವ್ವ.

ಗಾಜಿನ ಪೆಟ್ಟಿಗೆಯಲ್ಲಿ ಆವಿ ತುಂಬಿತು. ಒಂಬತ್ತು ತುಂಡುಗಳು ಮಂಜಾದವು, ತೆಳ್ಳಗಾದವು, ಅಂಚಿನಿಂದ ಒಳಕ್ಕೆ ಸರಿಯುತ್ತಾ ಕೊನೆಗೆ ಇಲ್ಲವಾದವು. ಪೆಟ್ಟಿಗೆಯ ತಳದಲ್ಲಿ ಒರೆಸುವಷ್ಟು ತೇವ ಮಾತ್ರ ಉಳಿಯಿತು. ಮೂವತ್ತೊಂದು ವರ್ಷ ಕಾದದ್ದು ಒಂದು ತಾಸಿನಲ್ಲಿ ತೀರಿತು. ಶಮಶಾದ್ ಪರದೆಯ ಮುಂದೆ ಕೂತು ಚಿತ್ರಗಳನ್ನು ಹೊಂದಿಸುತ್ತಿದ್ದಳು. ಹೊಂದಿಸುತ್ತಿದ್ದವಳ ಕೈ ನಿಂತಿತು.

"ಬಂದಾಳೇನ?" ಅಂದಳು ಹುಲಿಗೆವ್ವ.

"ಬಂದಾರ್ರೀ."

ಹೆಂಗಸು ತಿರುಗುತ್ತಾಳೆ. ಅದೇ ಕ್ಷಣಕ್ಕೆ ಅಳಿಯ ಹೊಸ್ತಿಲು ಎಡವುತ್ತಾನೆ. ಚೀಲ ಹಾರುತ್ತದೆ, ಅವಳ ತಲೆಯ ಮೇಲೆ ಒಡೆಯುತ್ತದೆ. ಹಿಟ್ಟು ಹೊಗೆಯಂತೆ ಕೋಣೆ ತುಂಬುತ್ತದೆ. ಹೊಗೆ ತಗ್ಗಿದಾಗ ಅವಳು ಎದುರಿಗೆ ಕೂತಿದ್ದಾಳೆ, ಪೂರ್ತಿ ಬಿಳಿ. ಹುಬ್ಬಿಲ್ಲ, ಮೂಗಿನ ಗೆರೆಯಿಲ್ಲ, ಕೆನ್ನೆಯಿಲ್ಲ. ಸುಣ್ಣ ಹೊಡೆದ ಗೋಡೆಯಲ್ಲಿ ಎರಡು ಕಣ್ಣು. ಆಮೇಲೆ ಬಾಯಿ ತೆರೆದು ನಗುತ್ತಾಳೆ, ಹಲ್ಲು ಕಾಣುತ್ತವೆ. ಎಡಗೈ ಸೆರಗು ಹುಡುಕಿ ಮೇಲೆ ಬರುತ್ತದೆ, ಇನ್ನೇನು ಮುಖಕ್ಕೆ ಮುಟ್ಟಬೇಕು, ಮುಗಿಯಿತು.

ಜನ ಅವತ್ತು ಡೇರೆಯಲ್ಲಿ ಇಲ್ಲೇ ಎಲ್ಲಕ್ಕಿಂತ ಹೆಚ್ಚು ನಕ್ಕಿರಬೇಕು.

"ಏನಾರ ಮಾಡಿ ಹಿಟ್ಟಿನ ಕೆಳಗ ಮಾರಿ ತಗೀಲಿಕ್ಕೆ ಬರತೈತೇನು?" ಅಂತ ಕೇಳಿದಳು ಹುಲಿಗೆವ್ವ.

"ಪಟ್ಟ್ಯಾಗ ಏನು ಬಿದ್ದೈತೋ ಅಷ್ಟ ಬರ್ತೈತ್ರೀ ಯವ್ವಾ. ಬಾಕಿದ್ದು ನಾ ಕಟ್ಟಬಹುದು, ಆದ್ರ ಅದು ಅವರ ಮಾರಿ ಆಗಂಗಿಲ್ಲ." ಶಮಶಾದ್ ಪರದೆಯಿಂದ ಮುಖ ತಿರುಗಿಸಿ, "ಅಜ್ಜಾರಿಗೆ ತೋರಸೋದು ಬ್ಯಾಡೇನ್ರಿ?" ಅಂದಳು.

"ತೋರಸ್ಬೇಕು. ಕಾಯಾಕತ್ತಾನ."

ಶಮಶಾದ್ ದೊಡ್ಡ ಪರದೆಯನ್ನೇ ಹೊತ್ತು ಮನೆಗೆ ಬಂದಳು. ಭರಮಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದರು. ಅವನು ನೋಡಿದ. ಒಮ್ಮೆ ನೋಡಿದ, ಎರಡನೆಯ ಸಲ ನೋಡಿದ.

"ಇಕಿ?"

"ನಿಮ್ಮವ್ವ," ಅಂದಳು ಹುಲಿಗೆವ್ವ.

ಅವನು ಪರದೆಗೆ ಹತ್ತಿರ ಬಾಗಿದ. ಮುಖ ಬರೆಯುವವನ ಕಣ್ಣು ಆ ಬಿಳಿಯಲ್ಲಿ ಗೆರೆ ಹುಡುಕುತ್ತಿತ್ತು. ನಗುವಾಗ ಅವಳ ಮೇಲಿನ ಹಲ್ಲುಗಳ ನಡುವೆ ಸಣ್ಣ ಸಂದು ಕಂಡಿತು. ಅಲ್ಲಿ ನಿಲ್ಲಿಸು ಅಂದ. ತನ್ನ ಬೋಳು ಒಸಡಿನ ಮೇಲೆ ಬೆರಳಾಡಿಸಿಕೊಂಡ. ಆಮೇಲೆ ಬಹಳ ಸಾದಾ ದನಿಯಲ್ಲಿ, ಪಕ್ಕದ ಮನೆಯವರಿಗೆ ಹೇಳಿ ಕಳಿಸುವಂತೆ, "ಹಿಟ್ಟು ಒರಸ್ಕೋ ಅನ್ನು ಆಕಿಗಿ," ಅಂದ.

ಹುಲಿಗೆವ್ವ ಬಾಗಿಲಿಗೆ ಬಂದು ನಿಂತಳು. ಶಮಶಾದ್ ಹಿಂದೆಯೇ ಬಂದಳು.

"ಇದರ ಮುಂದಿನ ಪಟ್ಟಿ ಯಾರ ಮದುವ್ಯಾಗ ಹೋತು, ನೆನಪೈತೇನ್ರಿ? ಸೆರಗು ಎತ್ಯಾರ. ಮುಂದಿಂದರಾಗ ಒರಸ್ಕೊಂಡಿರ್ತಾರ."

ನೆನಪಿಲ್ಲದೆ ಏನು. ಆ ವೈಶಾಖದಲ್ಲಿ ಅಜ್ಜನ ಪಕ್ಕ ಕೂತು ಪಟ್ಟಿಯ ತುದಿ ಹಿಡಿದವಳೇ ಅವಳು. ಮೊದಲು ಅವಳದು, ಆಮೇಲೆ ದ್ಯಾಮಣ್ಣನದು, ಅದೇ ಸುರುಳಿಯ ಉಳಿಕೆ ಎಂಟು ದಿನಕ್ಕೆ ಮದುವೆಯಿದ್ದ ದ್ಯಾಮಣ್ಣನ ತಂಗಿಗೆ. ಕನಕವ್ವನ ಗಂಡ ಸತ್ತಾಗ ಅವನದು ಹೋಗಿತ್ತು, ಕನಕವ್ವನದು ಅವಳ ಟ್ರಂಕಿನಲ್ಲಿತ್ತು. ಪೊರೆಮನೆಗೆ ಕೊಡುವುದಿಲ್ಲ ಅಂತ ಎರಡು ವರ್ಷ ಹಟ ಹಿಡಿದವಳು ಅವಳೊಬ್ಬಳೇ.

ಕಾಲು ಹಿಡಿದಾದರೂ ಕೇಳುತ್ತೇನೆ ಅಂತ ಹುಲಿಗೆವ್ವ ಆ ಬಿಸಿಲಲ್ಲೇ ಹೊರಟಳು. ಕನಕವ್ವ ಮನೆಯ ಮುಂದೆ ಒದ್ದೆ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ತಲೆಗೆ ನೀರು ಹಾಕಿಕೊಂಡದ್ದು ಯಾಕೆ ಅಂತ ಹುಲಿಗೆವ್ವನಿಗೆ ಮೊದಲು ಹೊಳೆಯಲಿಲ್ಲ.

"ಕನಕೀ, ನಿನ್ನ ಬಾಸಿಂಗ ಬೇಕಾಗೇತಿ."

"ಇಲ್ಲ," ಅಂದಳು ಕನಕವ್ವ.

"ಸಿಟ್ಟು ಬಿಡು ತಾಯೀ. ಅಜ್ಜಿ ಮಾರಿ ನಿಂದರಾಗ ಐತಿ. ನಂದರಾಗ ಬೆನ್ನು ಬಂತು, ನಿಮ್ಮಣ್ಣಂದರಾಗ ಬರೇ ಹಿಟ್ಟು ಬಂತು. ನಿಂದ ಮುಂದಿಂದು."

ಕನಕವ್ವ ಕೂದಲು ಹಿಂಡುವುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಸಿಟ್ಟಿಗಲ್ಲ ವೈನಿ. ಇಲ್ಲ ಅಂದ್ರ ಇಲ್ಲ. ನೀ ಹತ್ತಕ್ಕ ಕೊಡ್ತೀನಂದಿ. ಹತ್ತಕ್ಕ ನಾ ಹಳ್ಳದ ದಂಡಿಗೆ ಹುಲ್ಲಿನ ಗೊಂಬಿ ಮಾಡಿ, ಸುಟ್ಟು, ಅಣ್ಣನ್ನ ಕಳಿಸಿದೆ. ಅಂವಂದು ನೀ ಕೊಟ್ಟಿ ಅಂದ್ರ ಹೋಗ್ಯಾನ ಅಂತ ನೀನ ಅಂದಂಗಾತು. ಹೋದಂವ ಮೂವತ್ತು ವರ್ಷ ಹಾದ್ಯಾಗ ನಿಂತಿದ್ರ?"

"ಗೊಂಬಿ ಹಣಿಗೆ ಏನ್ ಕಟ್ಟಿದಿ?"

"ಅಂವಂದು ನೀ ಕರಗಿಸ್ದಿ. ಬರೇ ಹಣೀಲೆ ಹೆಂಗ್ ಕಳಸ್ಲಿ? ನಂದ ಕಟ್ಟಿದೆ." ಕೂದಲು ಹಿಂದಕ್ಕೆ ಸರಿಸಿ, "ಭುಗ್ಗಂತ ಹತ್ತಿತು ನೋಡು. ಇಷ್ಟು ಬ್ಯಾಗ ಏನೂ ಸುಡೋದು ನಾ ಕಂಡಿಲ್ಲ," ಅಂದಳು.

ಹುಲಿಗೆವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಬೈಯಲು ಹುಡುಕಿದರೆ ಬೈಗುಳ ಸಿಗಲಿಲ್ಲ. ತನಗೆ ಸತ್ತ ಮೇಲೆ ಬೇಕಾದದ್ದನ್ನು ಅಣ್ಣನಿಗೆ ಕೊಟ್ಟು ಕೂತಿದ್ದಳು ಅವಳು. ಒಳಗಿನಿಂದ ನೀರು ತಂದು ಕೊಟ್ಟಳು ಕನಕವ್ವ. ಹುಲಿಗೆವ್ವ ಕುಡಿದಳು.

"ನನ್ನ ಹಣೀಗ ಕುಂಕುಮ ಐತಿ," ಅಂದಳು ಆಮೇಲೆ.

"ಅದು ನಿನಗ ಬಿಟ್ಟದ್ದು," ಅಂದಳು ಕನಕವ್ವ.

ಮನೆಗೆ ಬಂದಾಗ ಶಮಶಾದ್ ಇನ್ನೂ ಕೂತಿದ್ದಳು. ಹುಲಿಗೆವ್ವ ತಲೆ ಅಲ್ಲಾಡಿಸಿದ್ದು ನೋಡಿ ಪರದೆ ಎತ್ತಿಕೊಂಡಳು. "ಅದನ್ನ ಇಟ್ಟು ಹೋಗು ತಂಗೀ," ಅಂದ ಭರಮಪ್ಪ ಮಂಚದಿಂದ. ಇಟ್ಟು ಹೋದಳು.

ಆ ಸಂಜೆ ಅವನು ಕೇಳಿದ. "ಒರಸ್ಕೊಂಡಳೇನ?"

ಹುಲಿಗೆವ್ವ ನಿಜ ಹೇಳಲು ಬಾಯಿ ತೆರೆದವಳು, "ಒರಸ್ಕೊಳ್ಳಾಕತ್ತಾಳಪಾ," ಅಂದಳು.

ಮಂಗಳವಾರವೂ ಕೇಳಿದ. ಬುಧವಾರ ಬೆಳಿಗ್ಗೆ ಕೇಳಿದ. "ಹಿಟ್ಟು ಬಾಳ ಬಿದ್ದೈತಿ, ತಡಾ ಆಗ್ತೈತಿ," ಅಂತ ಅವಳಿಗೆ ತಾನೇ ಸಮಾಧಾನ ಹೇಳಿದ. ಅವತ್ತು ಹಳೆಯ ಕುಂಚ ಕೇಳಿ ಕೈಯಲ್ಲಿ ಹಿಡಿದುಕೊಂಡ. ಪರದೆಯಲ್ಲಿ ಚಂದ್ರವ್ವ ಸೆರಗು ಎತ್ತುವಳು, ಮುಗಿಯುವುದು, ಮತ್ತೆ ಚೀಲ ಹಾರುವುದು. ಹುಲಿಗೆವ್ವ ಅದನ್ನು ಆರಿಸಲಿಲ್ಲ. ರೊಟ್ಟಿ ಬಡಿಯುವಾಗ ಕೈಗೆ ಹತ್ತಿದ ಹಿಟ್ಟನ್ನು ನೋಡಲಾರದೆ ಎರಡು ದಿನ ಅನ್ನವನ್ನೇ ಮಾಡಿದಳು.

ಚಿತೆಯ ಮೇಲೆ ಭರಮಪ್ಪನ ಹಣೆಗೆ ಕಟ್ಟಲು ಮನೆಯಲ್ಲಿ ಏನೂ ಉಳಿದಿರಲಿಲ್ಲ, ಅವನದು ಎಂದೋ ಪೊರೆಮನೆಗೆ ಹೋಗಿತ್ತು. ಕನಕವ್ವ ಬಂದು, ಬೆಂಡು ತಂದು ಹೊಸದೊಂದು ಮಾಡೋಣ ಅಂದಳು. ಮದುವೆಯಲ್ಲಿ ಕಟ್ಟದೇ ಇದ್ದದ್ದು ನಡೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಬರಿ ಹಣೆಯಲ್ಲೇ ಕಳಿಸಿದರು. ಹಣೆಯ ಮೇಲೆ ಹುಲಿಗೆವ್ವ ಕೈಯಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಆ ವಾರ ಆ ಮನೆಯಿಂದ ಹೋದವರು ಇಬ್ಬರು. ದ್ಯಾಮಣ್ಣ ಹೋದದ್ದು ಸೋಮವಾರ, ಬೆಳಗಿನ ಹತ್ತಕ್ಕೆ. ಭರಮಪ್ಪ ಹೋದದ್ದು ಗುರುವಾರ, ಓಣಿಯಲ್ಲಿ ನಳ ಬಿಡುವ ಹೊತ್ತಿಗೆ.